ಎರವಲು ನಾಲಿಗೆ

ಏಪ್ರಿಲ್ ೨೮, ಮಂಗಳವಾರ

ನಿಂಬೆಸಿಪ್ಪೆ, ಲವಂಗ, ಕಾಫಿಪುಡಿ, ಈ ಮೂರನ್ನು ಬೆಳಿಗ್ಗೆ ಸಂಜೆ ಮೂಸಿ, ಏನು ತಿಳಿಯಿತೋ ಬರೆದಿಡಿ ಎಂದಿದ್ದಾರೆ ಡಾಕ್ಟರು. ಅದಕ್ಕೇ ಈ ಪುಸ್ತಕ. ಜ್ವರ ಬಂತು, ಹೋಯಿತು, ಹೋಗುವಾಗ ನನ್ನ ಮೂಗನ್ನೂ ನಾಲಿಗೆಯನ್ನೂ ಜೊತೆಗೆ ಕರೆದುಕೊಂಡು ಹೋಯಿತು. ಯಾವಾಗ ವಾಪಸ್ಸು ಬರುತ್ತವೆ ಎಂದು ಕೇಳಿದರೆ, ಕೆಲವರಿಗೆ ಬೇಗ, ಕೆಲವರಿಗೆ ನಿಧಾನ ಎಂದು ಹೇಳಿ ಪೆನ್ನಿಗೆ ಮುಚ್ಚಳ ಹಾಕಿದರು. ಮೂರನೆಯ ಥರದವರೂ ಇರಬೇಕು. ಅವರ ಬಗ್ಗೆ ನಾನು ಕೇಳಲಿಲ್ಲ, ಡಾಕ್ಟರೂ ಹೇಳಲಿಲ್ಲ.

ಭಾನುವಾರದ ಅವಮಾನವನ್ನೂ ಬರೆದುಬಿಡುತ್ತೇನೆ, ಇಲ್ಲದಿದ್ದರೆ ಹೊಟ್ಟೆಯಲ್ಲೇ ಕೊಳೆಯುತ್ತದೆ. ನಮ್ಮ ಕಟ್ಟಡದವರೆಲ್ಲ ಬೇಸಿಗೆಯಲ್ಲಿ ಒಂದು ಭಾನುವಾರ ಬಿಟ್ಟು ಒಂದು ಭಾನುವಾರ ನಡುವಿನ ಅಂಗಳಕ್ಕೆ ಮೇಜುಗಳನ್ನು ತಂದು ಹಾಕಿ ಒಟ್ಟಿಗೆ ಊಟ ಮಾಡುತ್ತೇವೆ. ಆ ಸೆಖೆಯಲ್ಲಿ ಒಲೆಯ ಮುಂದೆ ನಿಲ್ಲುವವರು ಯಾರು? ಹಾಗಾಗಿ ಎಲ್ಲ ತಣ್ಣನೆಯದೇ. ಮೇಲಿನ ಮನೆಯ ಟೀಚರಮ್ಮನದು ಪುಡಿಂಗು, ನನ್ನದು ತಣ್ಣನೆ ಪಾಸ್ತಾ. ಸುರುಳಿ ಪಾಸ್ತಾ ಬೇಯಿಸಿ, ತಣ್ಣೀರಲ್ಲಿ ತೊಳೆದು, ಎಣ್ಣೆ, ನಿಂಬೆರಸ, ಉಪ್ಪು, ಕಾಳುಮೆಣಸು ಕಲಸಿ, ಸೌತೆಕಾಯಿ, ಟೊಮೆಟೊ, ಈರುಳ್ಳಿ, ಚೀಸು, ಪುದೀನ ಬೆರೆಸಿದರೆ ಆಯಿತು. ಹೇಳುವುದಕ್ಕೆ ಸುಲಭ. ಟೀಚರಮ್ಮ ನನ್ನಿಂದ ಕೇಳಿಕೊಂಡು ಎಷ್ಟೋ ಸಲ ಮಾಡಿದ್ದಾರೆ, ಅವರದು ಯಾವತ್ತೂ ಪಾಸ್ತಾ ಆಗುತ್ತದೆ, ನನ್ನದು ಖಾಲಿ ಆಗುತ್ತದೆ. ಕೈಗುಣ ಎಂದು ಎಲ್ಲರೂ ಹೊಗಳುತ್ತಾರೆ, ನಾನು ಅಯ್ಯೋ ಅದರಲ್ಲೇನಿದೆ ಎಂದು ಒಳಗೊಳಗೇ ಉಬ್ಬುತ್ತೇನೆ.

ಈ ಭಾನುವಾರ ಬೋಗುಣಿ ಅರ್ಧ ತುಂಬಿಕೊಂಡೇ ಮನೆಗೆ ಬಂತು. ಉಪ್ಪು ಎರಡು ಸಲ ಬಿತ್ತೋ, ಒಂದು ಸಲವೂ ಬೀಳಲಿಲ್ಲವೋ, ಅಡುಗೆಮನೆಯಲ್ಲಿ ನಿಂತು ಚಮಚ ಚಮಚ ತಿಂದು ನೋಡಿದರೂ ನನಗೆ ತಿಳಿಯಲಿಲ್ಲ. ಬಾಯಲ್ಲಿ ಏನೋ ಮೆತ್ತಗೆ ಸುತ್ತುತ್ತಿತ್ತು, ಅಷ್ಟೇ. ನಮ್ಮನೆಯವರನ್ನು ಕೇಳಿದೆ. "ಚೆನ್ನಾಗಿದೆ" ಎಂದರು. ಮದುವೆಯಾದ ದಿನದಿಂದ ಈ ಮನುಷ್ಯ ನನ್ನ ಅಡುಗೆಗೆ ಹೇಳಿದ್ದು ಇದೊಂದೇ ಮಾತು.

ನಿಂಬೆ ಇಲ್ಲ. ಲವಂಗ ಇಲ್ಲ. ಕಾಫಿ ಇಲ್ಲ.

ಏಪ್ರಿಲ್ ೩೦, ಗುರುವಾರ

ಲಾಂಡ್ರಿಯಲ್ಲಿ ಇವತ್ತು ಯಾರದೋ ಬಿಳಿ ಅಂಗಿಯ ಕಾಲರು ಸುಟ್ಟೆ. ಇಸ್ತ್ರಿಪೆಟ್ಟಿಗೆ ಹಿಡಿದು ಇಷ್ಟು ವರ್ಷವಾಯಿತು, ಬಟ್ಟೆ ಸೀಯುವ ಮುಂಚೆ ಮೂಗು ಎಚ್ಚರಿಸುತ್ತಿತ್ತು. ಇವತ್ತು ಪಕ್ಕದ ಮೇಜಿನವಳು ಕೂಗಿದ ಮೇಲೆ ನೋಡುತ್ತೇನೆ, ಹೊಗೆ ಏಳುತ್ತಿದೆ. ಯಜಮಾನಿ ಬೈಯಲಿಲ್ಲ. ಜ್ವರದಿಂದ ಎದ್ದವಳು ಎಂದು ಕುರ್ಚಿ ಹಾಕಿ ಕೂರಿಸಿದರು. ಬೈದಿದ್ದರೇ ವಾಸಿಯಿತ್ತು.

ಸಂಜೆ ಹುಡುಗಿ ಬಂದಿದ್ದಳು. ಅಕ್ಕನ ಮಗಳು. ಅಕ್ಕ ತೀರಿಕೊಂಡ ಮೇಲೆ ನಮ್ಮ ಮನೆಯಲ್ಲೇ ಬೆಳೆದವಳು, ಈಗ ಆಸ್ಪತ್ರೆಯಲ್ಲಿ ನರ್ಸು. ಮದುವೆಯ ದಿನ ಗೊತ್ತಾಗಿದೆ, ಜೂನ್ ಹದಿನಾಲ್ಕು. ರಿಜಿಸ್ಟರ್ ಮಾಡಿಸಿಕೊಂಡು ಬಂದು, ಊಟ ನಮ್ಮ ಅಂಗಳದಲ್ಲೇ. ಅರವತ್ತು ಜನ. "ಚಿಕ್ಕಮ್ಮ, ಬೇರೆ ಏನಾದ್ರೂ ಹೊರಗಡೆಯಿಂದ ತರಿಸೋಣ. ಆದ್ರೆ ಪಾಸ್ತಾ ನೀನೇ ಮಾಡ್ಬೇಕು. ಅದಿಲ್ದೆ ನಂಗೆ ಮದುವೆ ಆದ ಹಾಗೇ ಅನ್ಸಲ್ಲ" ಎಂದಳು. ಆಗಲಿ ಎಂದುಬಿಟ್ಟೆ. ಅವಳು ಹೊರಟುಹೋದ ಮೇಲೆ ನಾಲಿಗೆಯ ನೆನಪಾಯಿತು.

ಅವಳಿಗೆ ನನ್ನ ನಾಲಿಗೆಯ ವಿಷಯ ಹೇಳಿಲ್ಲ. ನಮ್ಮನೆಯವರ ಹೊರತು ಯಾರಿಗೂ ಹೇಳಿಲ್ಲ. ಅವಳಿಗೆ ಹೇಳಿದರೆ ಪಾಪ, ಬೇಡ ಬಿಡು ಚಿಕ್ಕಮ್ಮ ಎನ್ನುತ್ತಾಳೆ. ಆ ಬೇಡ ಬಿಡು ಕೇಳುವುದು ನನ್ನ ಕೈಲಾಗದು. ತಾಯಿ ಇದ್ದಿದ್ದರೆ ಅವಳಿಗೆ ಏನೇನು ಮಾಡುತ್ತಿದ್ದಳೋ, ನನ್ನ ಕೈಯಲ್ಲಿ ಇರುವುದು ಈ ಒಂದು ಬೋಗುಣಿ ಪಾಸ್ತಾ.

ನಿಂಬೆ ಇಲ್ಲ. ಲವಂಗ ಇಲ್ಲ. ಕಾಫಿ ಇಲ್ಲ.

ಮೇ ೨, ಶನಿವಾರ

ಇಡೀ ದಿನ ಯೋಚಿಸಿ ಒಂದು ಉಪಾಯ ಹುಡುಕಿದೆ. ನನ್ನ ನಾಲಿಗೆ ಇಲ್ಲದಿದ್ದರೇನು, ಮನೆಯಲ್ಲಿ ಇನ್ನೊಂದು ನಾಲಿಗೆ ಸುಮ್ಮನೆ ಬಿದ್ದಿದೆಯಲ್ಲ.

ಎರಡು ಬಟ್ಟಲು ಪಾಸ್ತಾ ಕಲಸಿದೆ. ಒಂದಕ್ಕೆ ಉಪ್ಪೇ ಹಾಕಲಿಲ್ಲ. ಇನ್ನೊಂದಕ್ಕೆ ಬೇಕೆಂದೇ ಮುಷ್ಟಿಗಟ್ಟಲೆ ಹಾಕಿದೆ. ನಮ್ಮನೆಯವರು ಕೆಳಗಿನ ಅಂಗಡಿಯಲ್ಲಿ ಸೋಫಾ, ಕುರ್ಚಿಗಳಿಗೆ ಸ್ಪ್ರಿಂಗು ಕೂರಿಸಿ ಬಟ್ಟೆ ಹೊಲಿಯುವವರು. ಅಂಗಡಿ ಮುಚ್ಚಿ ಬಂದವರ ಮುಂದೆ ಎರಡನ್ನೂ ಇಟ್ಟೆ. ಮೊದಲನೆಯದು ತಿಂದು ಚೆನ್ನಾಗಿದೆ ಎಂದರು. ಎರಡನೆಯದನ್ನು ಬಾಯಿಗಿಟ್ಟಾಗ ಕಣ್ಣಲ್ಲಿ ನೀರು ಬಂತು. ನುಂಗಿದರು. ನೀರು ಕುಡಿದರು. ಚೆನ್ನಾಗಿದೆ ಎಂದರು.

ನನಗೆ ಬಂದ ಕೋಪವನ್ನು ಏನೆಂದು ಬರೆಯಲಿ. ಚಮಚ ಮೇಜಿನ ಮೇಲೆ ಕುಕ್ಕಿದೆ. ಇಷ್ಟು ವರ್ಷ ನೀವು ಗೋಡೆಗೆ ಹೇಳಿದ ಹಾಗೆ ನನಗೂ ಹೇಳಿದ್ದಾ, ನಾನು ಕಲ್ಲು ಬೇಯಿಸಿ ಹಾಕಿದ್ದರೂ ಚೆನ್ನಾಗಿದೆ ಅನ್ನುತ್ತಿದ್ದಿರಾ ಎಂದು ಕೇಳಿದೆ. ಬಟ್ಟಲನ್ನು ಪಕ್ಕಕ್ಕೆ ಸರಿಸಿದರು. ಆಮೇಲೆ ಹೇಳಿದರು:

"ನಮ್ಮಪ್ಪ ಊಟಕ್ಕೆ ಕೂತ್ರೆ ಪ್ರತಿಯೊಂದಕ್ಕೂ ಹೆಸರಿಡ್ತಿದ್ರು, ಉಪ್ಪು ಕಮ್ಮಿ, ಖಾರ ಜಾಸ್ತಿ ಅಂತ. ಅಮ್ಮ ಬಡಿಸೋವಾಗ ಕೈ ನಡುಗ್ತಿತ್ತು. ನನ್ನ ಮನೇಲಿ ಯಾರ ಕೈಯೂ ಹಾಗೆ ನಡುಗಬಾರದು ಅಂದ್ಕೊಂಡೆ. ಅಷ್ಟೇ ಕಣೇ."

ನನ್ನ ಕೋಪ ಎಲ್ಲಿ ಹೋಯಿತೋ. ಅತ್ತೆಯ ಬಗ್ಗೆ ಇವರು ಇಷ್ಟು ಮಾತಾಡಿದ್ದೇ ಇದು ಮೊದಲು.

"ಈಗ ನೀವು ಹೆಸರಿಡಲೇಬೇಕು ರೀ. ನನ್ನ ಕೈ ನಡುಗಲ್ಲ. ಬೇಕಾದ್ರೆ ಹಿಡ್ಕೊಂಡು ನೋಡಿ" ಎಂದೆ.

ನಿಜವಾಗಿಯೂ ಹಿಡಿದು ನೋಡಿದರು. ಆಮೇಲೆ ಕಣ್ಣು ಮುಚ್ಚಿ ಇನ್ನೊಂದು ತುತ್ತು ತಿಂದು, ಮೊದಲನೆಯದು ಒದ್ದೆ ರಟ್ಟಿನ ಹಾಗಿದೆ, ಎರಡನೆಯದು ಸಮುದ್ರಕ್ಕೆ ಬಿದ್ದು ಎದ್ದ ಹಾಗಿದೆ ಎಂದರು. ಇಬ್ಬರೂ ನಕ್ಕು ನಕ್ಕು ಸುಸ್ತಾದೆವು.

ನಿಂಬೆ ಇಲ್ಲ. ಲವಂಗ ಇಲ್ಲ. ಕಾಫಿ ಇಲ್ಲ.

ಮೇ ೬, ಬುಧವಾರ

ಬಾಯಿಗೆ ಬೀಗ ಹಾಕಿದ್ದ ಮನುಷ್ಯನಿಗೆ ಬೀಗ ತೆಗೆದರೆ ಇಷ್ಟು ಮಾತು ಬರುತ್ತದೆಂದು ಯಾರು ಕಂಡಿದ್ದರು. ಬೆಳಗಿನ ಬ್ರೆಡ್ಡಿಗೂ ಹೇಳುತ್ತಾರೆ. ಸೂಪು ಮುಂದೆ ಬಿಗಿ ಇದೆ, ಹಿಂದೆ ಸಡಿಲ ಇದೆಯಂತೆ. ಅರ್ಥವೇನು ಎಂದರೆ, ಬಾಯಿಗೆ ಇಟ್ಟಾಗ ಖಾರ ಗೊತ್ತಾಗುತ್ತೆ, ನುಂಗಿದ ಮೇಲೆ ಏನೂ ಉಳಿಯಲ್ಲ ಎಂದು. ಸ್ವಲ್ಪ ಬೆಣ್ಣೆ ಹಾಕಿದೆ. ಈಗ ಕೂರಬಹುದು ಎಂದರು.

ಮೂರೂ ಇಲ್ಲ.

ಮೇ ೧೦, ಭಾನುವಾರ

ಎರಡನೆಯ ಅಂಗಳದೂಟ. ಮತ್ತೆ ಮುಖಭಂಗ, ಆದರೂ ಬರೆಯುವಾಗ ನಗು ಬರುತ್ತಿದೆ.

ನಿನ್ನೆ ಸಂಜೆ ಪಾಸ್ತಾ ಕಲಸಿದೆ. ಇವರು ಕಣ್ಣು ಮುಚ್ಚಿ ರುಚಿ ನೋಡಿ ಉಪ್ಪು ಹಾಕಿಸಿದರು, ನಿಂಬೆ ಹಿಂಡಿಸಿದರು, ಸಾಕು ಎಂದರು. ಫ್ರಿಜ್ಜಿನಲ್ಲಿಟ್ಟೆ. ಮಧ್ಯಾಹ್ನ ಠೀವಿಯಿಂದ ಬೋಗುಣಿ ಹೊತ್ತುಕೊಂಡು ಹೋಗಿ ಮೇಜಿನ ನಡುವೆ ಇಟ್ಟೆ. ಮೊದಲು ಬಡಿಸಿಕೊಂಡವರ ಮುಖ ನೋಡಿಯೇ ಗೊತ್ತಾಯಿತು. ಯಾರೂ ಏನೂ ಅನ್ನಲಿಲ್ಲ. ಟೀಚರಮ್ಮ ಮಾತ್ರ, ಈ ಸಲ ಪಥ್ಯದ ಅಡುಗೆನಾ ಎಂದು ಕೇಳಿದರು. ಅವರಿಗೆ ಕೆಟ್ಟ ಮನಸ್ಸಿಲ್ಲ, ಕೆಟ್ಟ ಬಾಯಿ ಇದೆ.

ಆಮೇಲೆ ನೋಡಿದರೆ ನಮ್ಮನೆಯವರು ತಟ್ಟೆ ತುಂಬ ಬಡಿಸಿಕೊಂಡು ತಿನ್ನುತ್ತಿದ್ದಾರೆ. ಮುಗಿಸಿದರು, ಮತ್ತೆ ಬಡಿಸಿಕೊಂಡರು. ಮತ್ತೆ. ಯಾರಾದರೂ ಬೋಗುಣಿಯ ಕಡೆ ನೋಡಿದರೆ ಇವರ ಚಮಚ ಮೊದಲೇ ಹೋಗಿರುತ್ತಿತ್ತು. ಕೊನೆಗೆ ಬೋಗುಣಿ ಖಾಲಿಯಾಗಿ ಮನೆಗೆ ಬಂತು, ಇವರು ತುಂಬಿ ಬಂದರು. ಈಗ ಹೊಟ್ಟೆ ಹಿಡಿದುಕೊಂಡು ಮಂಚದ ಮೇಲೆ ಉರುಳಾಡುತ್ತಿದ್ದಾರೆ. ಅಲ್ಲೇ ಯಾಕೆ ಹೇಳಲಿಲ್ಲ ಎಂದು ಕೇಳಿದರೆ, ಜನರ ಮುಂದೆ ಹೆಸರಿಡಕ್ಕಾಗುತ್ತಾ ಎನ್ನುತ್ತಾರೆ. ಇಂಥವರನ್ನು ಬೈಯುವುದು ಹೇಗೆ? ಬಿಸಿನೀರಿನ ಚೀಲ ಕೊಟ್ಟೆ.

ಮೂಸಿದೆ. ಇಲ್ಲ.

ಮೇ ೧೨, ಮಂಗಳವಾರ

ತಪ್ಪು ಎಲ್ಲಿ ಎಂದು ಗೊತ್ತಾಯಿತು. ನನಗೆ ನಾಚಿಕೆಯಾಗುವಷ್ಟು ಸಣ್ಣದು.

ಇವರು ರುಚಿ ನೋಡಿದ್ದು ಬೆಚ್ಚಗಿದ್ದ ಪಾಸ್ತಾ. ಬೆಚ್ಚಗಿದ್ದಾಗ ಸರಿಯಿದ್ದ ಉಪ್ಪು ತಣ್ಣಗಾದ ಮೇಲೆ ಅಡಗಿ ಕೂರುತ್ತದೆ. ಮೇಲಾಗಿ ಪಾಸ್ತಾ ಕೂತಲ್ಲೇ ನಿಂಬೆರಸ, ಎಣ್ಣೆ ಎಲ್ಲವನ್ನೂ ಕುಡಿದುಬಿಡುತ್ತದೆ. ನಾನು ಯಾವತ್ತೂ ಬಡಿಸುವ ಮುಂಚೆ ಒಮ್ಮೆ ಬಾಯಿಗೆ ಹಾಕಿಕೊಂಡು, ಒಂದು ಚಿಟಿಕೆ ಉಪ್ಪು, ಅರ್ಧ ನಿಂಬೆಹಣ್ಣು ಹಾಕುತ್ತಿದ್ದೆ. ಅದು ಲೆಕ್ಕದಲ್ಲಿ ಇರಲೇ ಇಲ್ಲ, ಕೈ ತಾನಾಗಿಯೇ ಮಾಡುತ್ತಿದ್ದ ಕೆಲಸ. ಟೀಚರಮ್ಮನಿಗೂ ಅದನ್ನು ಹೇಳಿಲ್ಲ. ನನಗೇ ಗೊತ್ತಿಲ್ಲದ್ದನ್ನು ಅವರಿಗೆ ಹೇಗೆ ಹೇಳಲಿ. ಕೈಗುಣ ಎಂದರೆ ಇಷ್ಟೇ ಇತ್ತು.

ಇವತ್ತು ಪರೀಕ್ಷೆ ಮಾಡಿದೆವು. ಒಂದೇ ಪಾಸ್ತಾ, ಬಿಸಿ ಬಿಸಿ, ಉಗುರುಬೆಚ್ಚಗೆ, ಫ್ರಿಜ್ಜಿನಿಂದ ತೆಗೆದದ್ದು. ಬಿಸಿ ಇದ್ದಾಗ ಕೂಗುತ್ತೆ, ತಣ್ಣಗಾದ ಮೇಲೆ ಗೊಣಗುತ್ತೆ ಎಂದರು. ಇನ್ನೊಂದು ವಿಷಯವನ್ನೂ ಇವರೇ ಕಂಡುಹಿಡಿದರು: ಹಲ್ಲಿಗೆ ಸಿಗುವ ಹಾಗೆ ಬೇಯಿಸಿದ್ದು ಫ್ರಿಜ್ಜಿನಲ್ಲಿ ಗಟ್ಟಿಯಾಗುತ್ತದೆ, ಆದ್ದರಿಂದ ಒಂದು ಕುದಿ ಜಾಸ್ತಿ ಬೇಯಬೇಕು. ಕುರ್ಚಿಯ ಬಟ್ಟೆಯನ್ನೂ ಅಷ್ಟೇ, ಆಮೇಲೆ ಎಷ್ಟು ಎಳೆದುಕೊಳ್ಳುತ್ತೆ ಅಂತ ನೋಡಿ ಮೊದಲೇ ಅಷ್ಟು ಜಾಸ್ತಿ ಬಿಟ್ಟು ಕತ್ತರಿಸಬೇಕಂತೆ.

ಜನರ ಮುಂದೆ ಹೇಳಲು ನಾಚಿಕೆಯಲ್ಲವೇ, ಅದಕ್ಕೆ ಸನ್ನೆ ಮಾಡಿಕೊಂಡಿದ್ದೇವೆ. ಕಿವಿ ಮುಟ್ಟಿದರೆ ಉಪ್ಪು. ಮೂಗು ಮುಟ್ಟಿದರೆ ನಿಂಬೆ. ಗಲ್ಲ ಮುಟ್ಟಿದರೆ ಸಾಕು.

ಇಲ್ಲ, ಇಲ್ಲ. ಕಾಫಿಪುಡಿ ಮೂಸುವಾಗ ಸೀನು ಬಂತು. ಅದು ಲೆಕ್ಕಕ್ಕೆ ಬರುತ್ತದೋ ಇಲ್ಲವೋ.

ಮೇ ೨೪, ಭಾನುವಾರ

ಸನ್ನೆಗೆ ಬೆಂಕಿ ಬಿತ್ತು. ಆದರೂ ಗೆದ್ದೆವು.

ಮೇಜಿನ ಹತ್ತಿರ ನಿಂತು ಕೊನೆಯ ಸಲ ಕಲಸುತ್ತಿದ್ದೆ. ಇವರು ಎದುರಿಗೆ ಕುರ್ಚಿಯಲ್ಲಿ ಕೂತು ಚಮಚ ಬಾಯಿಗಿಟ್ಟರು. ಕಿವಿ ಮುಟ್ಟಿದರು. ಉಪ್ಪು ಹಾಕಿದೆ. ಮೂಗು ಮುಟ್ಟಿದರು. ನಿಂಬೆ ಹಿಂಡಿದೆ. ಮತ್ತೆ ಮೂಗು. ಮತ್ತೆ ಹಿಂಡಿದೆ. ಮತ್ತೆ ಮೂಗು, ಈ ಸಲ ಜೋರಾಗಿ. ಇದೇನಪ್ಪಾ ಇವತ್ತು ಇಷ್ಟು ಹುಳಿ ಬೇಡುತ್ತಿದ್ದಾರೆ ಎಂದುಕೊಂಡು ಇನ್ನೊಂದನ್ನೂ ಹಿಂಡಿದೆ. ಆಮೇಲೆ ನೋಡಿದರೆ ಇವರ ಮೂಗಿನ ಮೇಲೆ ನೊಣ.

ಕೈಯಲ್ಲಿದ್ದ ನಿಂಬೆಸಿಪ್ಪೆ ಕೆಳಗೆ ಹಾಕಿದೆ. ಇವರು ಮಾತ್ರ ನಿಧಾನವಾಗಿ ಎದ್ದು ಬಂದು, ನನ್ನ ಕಿವಿಯ ಹತ್ತಿರ, "ಸ್ಪ್ರಿಂಗು ಚುಚ್ಚಿದ್ರೆ ಸ್ಪ್ರಿಂಗು ಕೀಳಲ್ಲ, ಮೇಲೆ ಹತ್ತಿ ಹಾಕ್ತೀವಿ. ಚೀಸು ತಾ" ಎಂದರು. ಮನೆಯಲ್ಲಿದ್ದ ಚೀಸನ್ನೆಲ್ಲ ತುರಿದು ಹಾಕಿದೆ, ಎಣ್ಣೆ ಸುರಿದೆ, ಒಂದಿಷ್ಟು ಪಾಸ್ತಾ ಎತ್ತಿಟ್ಟಿದ್ದೆ, ಅದನ್ನೂ ಸೇರಿಸಿದೆ. ತಿಂದು ನೋಡಿ ಗಲ್ಲ ಮುಟ್ಟಿದರು.

ಬೋಗುಣಿಯ ತಳ ಕಂಡಿತು. ಇದುವರೆಗೆ ನಾನು ಮಾಡಿದ್ದರಲ್ಲೇ ಇದು ಮೇಲು ಎಂದು ಎಲ್ಲರೂ ಹೇಳಿದರು. ಟೀಚರಮ್ಮ ಪಕ್ಕಕ್ಕೆ ಬಂದು, ಈ ವಯಸ್ಸಿನಲ್ಲಿ ಕಣ್ಣಲ್ಲೇ ಮಾತು, ಕಿವಿಯಲ್ಲಿ ಪಿಸುಮಾತು, ಏನು ನಡೀತಿದೆ ಎಂದು ಕೇಳಿ ಭುಜ ತಟ್ಟಿದರು. ನಾನು ಕೆಂಪಾದೆನಂತೆ. ಸೆಖೆಗೆ ಆಗಿರಬೇಕು.

ಮೇ ೩೦, ಶನಿವಾರ

ಮದುವೆಗೆ ಏನೇನು ಬೇಕೆಂದು ನೋಡಲು ಇಬ್ಬರೂ ಮಾರುಕಟ್ಟೆಗೆ ಹೋಗಿದ್ದೆವು. ನಾವು ಹೀಗೆ ಜೊತೆಯಾಗಿ ಸಾಮಾನು ತರಲು ಹೋಗಿ ಯಾವ ಕಾಲವಾಯಿತು. ಯಾವಾಗಲೂ ನಾನು ಒಬ್ಬಳೇ ಹೋಗಿ ಎರಡು ಕೈಯಲ್ಲಿ ಚೀಲ ಹೊತ್ತು ಬರುವುದು, ಇವರು ಅಂಗಡಿಯ ಬಾಗಿಲಲ್ಲಿ ನಿಂತು ಅಯ್ಯೋ ಕರೀಬಾರದಿತ್ತಾ ಎನ್ನುವುದು.

ಪುದೀನದ ಕಟ್ಟು ಎತ್ತಿ ಮೂಸಿ ನನಗೆ ಹೇಳಿದರು. ಇದು ಈಗ ತಾನೆ ಸ್ನಾನ ಮಾಡಿ ಬಂದವರ ಹಾಗಿದೆ, ಇದು ನಿನ್ನೆಯದು, ನಿದ್ದೆಗಣ್ಣು. ಟೊಮೆಟೊ ಕೊಳ್ಳುವಾಗ ಹಣ್ಣನ್ನು ಮೂಸಲಿಲ್ಲ, ತೊಟ್ಟನ್ನು ಮೂಸಿದರು. ಅಂಗಡಿಯವಳು ತಮಾಷೆ ನೋಡುತ್ತಾ ನಿಂತಿದ್ದಳು. ಏನಮ್ಮಾ, ನಿಮ್ಮ ಯಜಮಾನ್ರು ಪ್ರತಿಯೊಂದನ್ನೂ ನಿಮಗೆ ಓದಿ ಹೇಳ್ತಾರಲ್ಲ ಎಂದಳು. ಹೌದು, ನನಗೆ ಓದಲು ಬರುವುದಿಲ್ಲ ಎಂದೆ. ಬಾಯಿಂದ ಸುಮ್ಮನೆ ಬಂದ ಮಾತು, ಇಬ್ಬರಿಗೂ ನಗು ತಡೆಯಲಾಗಲಿಲ್ಲ.

ಬರುವಾಗ ದಾರಿಯಲ್ಲಿ ಕಲ್ಲುಬೆಂಚಿನ ಮೇಲೆ ಕೂತು ಐಸ್‌ಕ್ರೀಮ್ ತಿಂದೆವು. ನನಗೆ ತಣ್ಣಗೆ ಎಂಬುದಷ್ಟೇ ಗೊತ್ತು. ಉಳಿದದ್ದನ್ನು ಇವರು ಹೇಳುತ್ತಾ ಹೋದರು. ಕರಗಿ ಅಂಗಿಯ ಮೇಲೆಲ್ಲ ಬಿದ್ದದ್ದೂ ಅವರಿಗೆ ತಿಳಿಯಲಿಲ್ಲ.

ನಿಂಬೆ ಮೂಸುವುದು ಮರೆತೆ. ನಾಳೆ.

ಜೂನ್ ೪, ಗುರುವಾರ

ಲಾಂಡ್ರಿಯಲ್ಲಿ ಕೆಲಸ ಜಾಸ್ತಿ. ಸೊಂಟ ನೋಯುತ್ತಿದೆ. ಹುಡುಗಿಯ ಮದುವೆಯ ಉಡುಪನ್ನು ನಾನೇ ಇಸ್ತ್ರಿ ಮಾಡಿದೆ, ಒಂದು ಸುಕ್ಕಿಲ್ಲ. ಇವರು ತಡವಾಗಿ ಬಂದು ನೇರ ಊಟಕ್ಕೆ ಕೂತರು, ಮೈಯೆಲ್ಲ ಗೋಂದಿನ ವಾಸನೆ, ಮೊದಲು ಎದ್ದು ಕೈ ತೊಳೆದುಕೊಂಡು ಬನ್ನಿ ಎಂದು ಗದರಿದೆ. ಏನನ್ನೋ ಹೇಳಲು ಬಾಯಿ ತೆರೆದವರು ಸುಮ್ಮನೆ ಎದ್ದು ಹೋದರು. ಊಟ ಮಾಡುವಾಗ ನನ್ನ ಮುಖವನ್ನೇ ನೋಡುತ್ತಿದ್ದರು. ಏನು ಎಂದರೆ ಏನಿಲ್ಲ ಎಂದರು. ಆಮೇಲೆ ಮೊಟ್ಟೆಯ ಬಗ್ಗೆ ಅರ್ಧ ಗಂಟೆ ಮಾತಾಡಿದರು.

ಜೂನ್ ೧೩, ಶನಿವಾರ

ಕೂತು ಬರೆಯಲು ಪುರುಸೊತ್ತಿಲ್ಲ. ನೆರೆಹೊರೆಯ ದೊಡ್ಡ ಪಾತ್ರೆಗಳೆಲ್ಲ ನಮ್ಮ ಅಡುಗೆಮನೆಯಲ್ಲಿವೆ. ಪಾಸ್ತಾ ಬೆಂದು, ತೊಳೆದು, ಎಣ್ಣೆ ಸವರಿಸಿಕೊಂಡು ಕೂತಿದೆ. ಅರ್ಧ ನಿಂಬೆರಸ ಇವತ್ತು, ಅರ್ಧ ನಾಳೆ. ಸೌತೆಕಾಯಿಗೆ ಉಪ್ಪು ಹಚ್ಚಿ ನೀರಿಳಿಸಲು ಇಟ್ಟಾಯಿತು, ಈರುಳ್ಳಿ ತಣ್ಣೀರಲ್ಲಿ ಮುಳುಗಿದೆ. ಟೀಚರಮ್ಮ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ಬಂದು ಟೊಮೆಟೊ ಹೆಚ್ಚಿಕೊಟ್ಟರು. ಅವರಿಗೆ ನಾಲಿಗೆಯ ವಿಷಯ ಹೇಳಿಬಿಟ್ಟೆ, ಬಡಿಸುವ ಮುಂಚಿನ ಚಿಟಿಕೆ ಉಪ್ಪಿನ ವಿಷಯವನ್ನೂ. ನನ್ನನ್ನು ದುರುಗುಟ್ಟಿ ನೋಡಿ, ಇಷ್ಟು ದಿನ ಒಬ್ಬಳೇ ನುಂಗಿಕೊಂಡಿದ್ದೀಯಲ್ಲ ಎಂದು ಬೈದರು. ಒಬ್ಬಳೇ ಇರಲಿಲ್ಲ ಎಂದೆ.

ಜೂನ್ ೧೪, ಭಾನುವಾರ

ಮದುವೆ ಆಯಿತು.

ಅಂಗಳದ ತುಂಬ ಜನ. ಹುಡುಗಿ ತನ್ನ ಗಂಡನ ಕೈ ಹಿಡಿದುಕೊಂಡು ಬಾಗಿಲಲ್ಲಿ ಕಂಡಾಗ ಅಕ್ಕನೇ ಬಂದ ಹಾಗಾಯಿತು, ಕಣ್ಣೊರೆಸಿಕೊಂಡೆ. ಆಮೇಲೆ ಬೋಗುಣಿಯ ಮುಂದೆ ನಿಂತು, ಉಳಿದ ನಿಂಬೆರಸ ಹಾಕಿ ತಿರುವಿ, ಯಾವ ಯೋಚನೆಯೂ ಇಲ್ಲದೆ ಒಂದು ಚಮಚ ಬಾಯಿಗೆ ಹಾಕಿಕೊಂಡೆ.

ಹುಳಿ.

ದೂರದಲ್ಲಿ, ಸಣ್ಣಗೆ. ಆದರೆ ಹುಳಿಯೇ. ಅದರ ಹಿಂದೆ ಮೆಣಸಿನ ಬಿಸಿ. ಉಪ್ಪು ಕಡಿಮೆ ಇದೆ ಎಂದು ಗೊತ್ತಾಯಿತು. ನನಗೇ ಗೊತ್ತಾಯಿತು! ಹೋದ ಜೀವ ಬಂದ ಹಾಗಾಯಿತು. ಕೂಗಿ ಹೇಳಬೇಕೆಂದು ತಿರುಗಿದೆ.

ಇವರು ಪಕ್ಕದಲ್ಲಿ ನಿಂತಿದ್ದರು, ನಾನೇ ಇಸ್ತ್ರಿ ಮಾಡಿದ ಅಂಗಿಯಲ್ಲಿ. ಕೈಯಲ್ಲಿ ತಮ್ಮ ಚಮಚ. ಕಣ್ಣು ಮುಚ್ಚಿ ರುಚಿ ನೋಡಿದರು. ಕಿವಿ ಮುಟ್ಟಲಿಲ್ಲ, ಮೂಗು ಮುಟ್ಟಲಿಲ್ಲ. ಅಷ್ಟು ಜನರ ಮುಂದೆ ಬಾಯಿ ಬಿಟ್ಟು ಹೇಳಿದರು: "ಒಂದು ಚಿಟಿಕೆ ಉಪ್ಪು ಬೇಕು ಕಣೇ. ನಿಂಬೆ ಸರಿಯಾಗಿ ಕೂತಿದೆ. ಪುದೀನ ಈಗಲೇ ಹಾಕ್ಬೇಡ, ಬಡಿಸೋವಾಗ ಹಾಕು, ಮೊದಲು ಅದೇ ಮಾತಾಡಿಸ್ಲಿ."

ನಾಲಿಗೆ ಬಂತು ಎಂದು ಹೇಳಿದರೆ ಈ ಮನುಷ್ಯ ಮತ್ತೆ ಚೆನ್ನಾಗಿದೆ ಎಂಬ ಆ ಒಂದೇ ಮಾತಿಗೆ ಮರಳಿಬಿಡುತ್ತಾರಲ್ಲ ಎಂದು ಭಯವಾಯಿತು. ಹೌದಾ, ಹಾಕುತ್ತೇನೆ ಎಂದು ಉಪ್ಪು ಹಾಕಿದೆ.

ಹುಡುಗಿ ಓಡಿ ಬಂದು, ತಟ್ಟೆಗೂ ಕಾಯದೆ, ಬೋಗುಣಿಯಿಂದಲೇ ಒಂದು ಚಮಚ ತಿಂದಳು. "ಇದೇ ಚಿಕ್ಕಮ್ಮ. ಇದೇ" ಎಂದು ನನ್ನ ಕುತ್ತಿಗೆಗೆ ಜೋತುಬಿದ್ದಳು. ಅವಳ ತಲೆಯಲ್ಲಿ ಹೂವಿನ ವಾಸನೆ ಇತ್ತು.

ಜೂನ್ ೨೧, ಭಾನುವಾರ

ಡಾಕ್ಟರು ಈ ಪುಸ್ತಕ ತಿರುವಿ ಹಾಕಿ, ನಿಂಬೆ, ಲವಂಗ ಎಲ್ಲಿ ಹೋದವು, ಮೇ ತಿಂಗಳ ನಂತರ ಒಂದೂ ಇಲ್ಲವಲ್ಲ ಎಂದರೆ ಏನು ಹೇಳಲಿ. ತೋರಿಸುವುದೇ ಬೇಡ.

ಈ ವಾರವಿಡೀ ನಾಟಕವಾಡಿದೆ. ಪ್ರತಿ ಊಟಕ್ಕೂ ಏನೂ ತಿಳಿಯದವಳ ಹಾಗೆ ಹೇಗಿದೆ ಹೇಳಿ ಎಂದು ಕೇಳುವುದು, ಇವರು ಕಣ್ಣು ಮುಚ್ಚುವುದು. ಇವತ್ತು ಅಂಗಳದೂಟಕ್ಕೆ ಪಾಸ್ತಾ ಕಲಸುವಾಗ ಎಂದಿನಂತೆ ಕೇಳಿದೆ. ಇವರು ಸೌತೆಕಾಯಿಯಿಂದ ಶುರುಮಾಡಿ ಚೀಸಿನವರೆಗೆ ಒಂದೊಂದನ್ನೂ ಹೇಳಿ ಮುಗಿಸಿದರು. ಮುಗಿಸಿ, ಚಮಚ ತೊಳೆಯುತ್ತಾ, ನನ್ನ ಕಡೆ ನೋಡದೆ ಹೇಳಿದರು:

"ಗೋಂದಿನ ವಾಸನೆ, ಎದ್ದು ಕೈ ತೊಳ್ಕೊಂಡು ಬನ್ನಿ ಅಂತ ಗದರಿದ್ಯಲ್ಲ, ಆವತ್ತೇ ನಂಗೆ ಗೊತ್ತಾಯ್ತು."

ಕೈಯಲ್ಲಿದ್ದುದನ್ನು ಅಲ್ಲೇ ಇಟ್ಟೆ. ಬಂದು ಈ ಪುಸ್ತಕ ತೆಗೆದು ನೋಡಿದೆ, ಹೌದು, ಜೂನ್ ನಾಲ್ಕು, ನನ್ನದೇ ಅಕ್ಷರ. ನನ್ನ ಮೂಗು ವಾಪಸ್ಸು ಬಂದದ್ದು ನನಗಿಂತ ಮೊದಲು ಇವರಿಗೆ ತಿಳಿದಿದೆ. ಮತ್ತೆ ಅಡುಗೆಮನೆಗೆ ಹೋದೆ.

"ಗೊತ್ತಿದ್ದೂ ಮತ್ಯಾಕೆ ರೀ ದಿನಾ ಅಷ್ಟೊಂದು ಹೇಳ್ತಿದ್ರಿ?"

"ನೀನು ಕೇಳೋದು ನಿಲ್ಲಿಸಿಬಿಡ್ತೀಯೇನೋ ಅಂತ ಹೆದರಿಕೆ ಆಯ್ತು ಕಣೇ."

ಬೋಗುಣಿಯನ್ನು ಇಬ್ಬರೂ ಒಂದೊಂದು ಕಡೆ ಹಿಡಿದು ಮೆಟ್ಟಿಲಿಳಿದೆವು. ಟೀಚರಮ್ಮ ಈ ಸಲ ಪುಡಿಂಗಿನ ಜೊತೆ ಪಾಸ್ತಾವನ್ನೂ ಮಾಡಿ ತಂದಿದ್ದರು. ಅದೂ ಖಾಲಿಯಾಯಿತು. ನನಗೆ ಒಂದಿಷ್ಟೂ ಹೊಟ್ಟೆಯುರಿಯಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ, ಆದರೆ ಸ್ವಲ್ಪವೇ ಉರಿಯಿತು.

ನಾಳೆ ಬೆಳಿಗ್ಗೆ ಇವರ ಕಾಫಿಗೆ ಸಕ್ಕರೆ ಹಾಕದೆ ಕೊಟ್ಟು ನೋಡಬೇಕು. ಏನು ಹೇಳುತ್ತಾರೋ.